ಎರಡು ಬೆರಳಿನ ಬೀಗ

"ನಂಬಿದವರ ನಡುವೆ ಬೀಗ ಹಾಕಿಕೊಂಡು ಕೂರುವುದು ಅವರಿಗೆ ಮಾಡುವ ಅವಮಾನವಲ್ಲವೇ?" ಎಂದು ಶಿಷ್ಯ ಕೇಳಿದ.

ಅವನ ಹೆಸರು ಗುರುಶಾಂತ. ಮಠ ಒಂದು ವಸತಿ ಶಾಲೆಯನ್ನು ನಡೆಸುತ್ತಿತ್ತು. ಅದರ ಕಚೇರಿ ಕೆಲಸವೆಲ್ಲ ಅವನ ಕೈಯಲ್ಲಿತ್ತು. ಮೂರು ದಿನದ ಹಿಂದೆ ಶಾಲೆ ನೋಡಲು ಬಂದಿದ್ದ ಅಧಿಕಾರಿಯೊಬ್ಬರು, ಗುರುಶಾಂತ ಕಂಪ್ಯೂಟರನ್ನು ತೆರೆದೇ ಬಿಟ್ಟು ಹೊರಗೆ ಹೋದದ್ದನ್ನು ಕಂಡಿದ್ದರು. ಮೇಜು ಬಿಡುವಾಗಲೆಲ್ಲ ಎರಡು ಕೀಲಿ ಒತ್ತಿ ಪರದೆಯನ್ನು ಮುಚ್ಚಬೇಕು ಎಂದು ಹೇಳಿ, ಹೇಗೆಂದು ತೋರಿಸಿಯೂ ಹೋಗಿದ್ದರು. ಆ ಮಾತು ಗುರುಶಾಂತನಿಗೆ ಚುಚ್ಚಿತ್ತು. ಮಠದ ಹೆಬ್ಬಾಗಿಲಿಗೇ ಅಗುಳಿಯಿಲ್ಲ. ಯಾರು ಯಾವ ಹೊತ್ತಿಗೆ ಬಂದರೂ ಊಟವಿದೆ. ಇಂಥ ಜಾಗದಲ್ಲಿ, ಅಡುಗೆಯವರೂ ಮೇಷ್ಟ್ರುಗಳೂ ನೋಡುತ್ತಿರುವಾಗ, ಅವರ ಮುಖಕ್ಕೇ ಬೀಗ ಜಡಿದು ಎದ್ದು ಹೋಗುವುದು ಹೇಗೆ ಎಂಬುದು ಅವನ ಕಷ್ಟ. ಆದ್ದರಿಂದ ಅವನು ಮೂರು ದಿನವೂ ಕೀಲಿ ಒತ್ತಿರಲಿಲ್ಲ. ಒತ್ತದೆ ಇದ್ದುದಕ್ಕೆ ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಗುರುಗಳು ವಯಸ್ಸಾದವರು, ಮುಂಗೋಪಿಗಳು. ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡುವ ಅಭ್ಯಾಸ ಅವರಿಗಿರಲಿಲ್ಲ.

"ಬೀಗ ಎಂದರೆ ನಿನಗೆ ಕಳ್ಳನೊಬ್ಬನೇ ನೆನಪಾಗುತ್ತಾನೆ," ಎಂದರು. "ಕೂತುಕೋ. ಒಬ್ಬಳು ಗುಮಾಸ್ತೆಯ ಕತೆ ಹೇಳುತ್ತೇನೆ. ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡ."

ಗುರುಗಳು ಹೇಳಿದ್ದು ಇಷ್ಟು.

ಒಂದು ಊರಿನ ಪ್ರೌಢಶಾಲೆ. ಊರಿನ ಹೆಸರು ಬೇಡ, ಅಲ್ಲಿದ್ದವರ ಹೆಸರೂ ಬೇಡ. ಎಲ್ಲರೂ ಬದುಕಿದ್ದಾರೆ, ಮರ್ಯಾದೆಯಿಂದ ಬದುಕಿದ್ದಾರೆ.

ಆ ಶಾಲೆಯ ಕಚೇರಿಯಲ್ಲಿ ಒಬ್ಬಳು ಗುಮಾಸ್ತೆ ಇದ್ದಳು. ಜೊತೆಗೆ ಒಬ್ಬ ಹಿರಿಯ ಗುಮಾಸ್ತ, ಒಬ್ಬ ಜವಾನ. ಮೂವರಿಗೂ ಸೇರಿ ಒಂದೇ ಕೋಣೆ, ಒಂದೇ ಕಂಪ್ಯೂಟರ್. ಅದರಲ್ಲಿ ಕೆಲಸ ಮಾಡುತ್ತಿದ್ದವಳು ಅವಳೊಬ್ಬಳೇ. ಶಾಲೆಗೆ ಸೇರಿದ ಪ್ರತಿ ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ತಾರೀಖು ಎಲ್ಲವೂ ಅದರೊಳಗೆ. ಯಾರಿಗೆ ಯಾವ ದಾಖಲೆ ಬೇಕಾದರೂ ಅಲ್ಲಿಂದಲೇ ಅಚ್ಚಾಗಿ ಬರಬೇಕು. ಹಾಗೆ ಬಂದ ಕಾಗದವನ್ನು ಜವಾನ ಹೆಡ್‌ಮಾಸ್ತರ ಮುಂದೆ ಇಡುತ್ತಿದ್ದ. ಅವರು ಓದದೆ ಸಹಿ ಹಾಕುತ್ತಿದ್ದರು. ಅವಳು ತಯಾರಿಸಿದ ಕಾಗದದಲ್ಲಿ ತಪ್ಪು ಹುಡುಕಿ ಹುಡುಕಿ ಸೋತು, ಎರಡು ವರ್ಷದ ಹಿಂದೆಯೇ ಅವರು ಓದುವುದನ್ನು ಬಿಟ್ಟಿದ್ದರು.

ಆ ಯಂತ್ರ ಬಂದ ಹೊಸದರಲ್ಲಿ ತಾಲೂಕಿನ ಗುಮಾಸ್ತರನ್ನೆಲ್ಲ ಒಂದು ದಿನ ಕೂಡಿಸಿ ತರಬೇತಿ ಕೊಟ್ಟರು. ಕಲಿಸಲು ಬಂದವನು ಬೆಳಗ್ಗೆಯಿಂದ ಸಂಜೆಯವರೆಗೆ ಏನೇನೋ ಹೇಳಿದ. ಹೇಳುವಾಗ ನಡುವೆ ಒಂದು ಮಾತು ಬಂತು. ನಿಮ್ಮ ಹೆಸರಿನಲ್ಲಿ ತೆರೆದಿರುವ ಯಂತ್ರದಲ್ಲಿ ಯಾರು ಏನು ಬರೆದರೂ ಅದನ್ನು ನೀವೇ ಬರೆದಂತೆ, ಆದ್ದರಿಂದ ಎದ್ದು ಹೋಗುವಾಗ ಮುಚ್ಚಿ ಹೋಗಿ ಎಂದ. ಮೂವತ್ತು ಜನ ಅದನ್ನು ಕೇಳಿದರು. ಇಪ್ಪತ್ತೊಂಬತ್ತು ಜನ ಊಟದ ಹೊತ್ತಿಗೆ ಮರೆತರು. ಇವಳೊಬ್ಬಳು ಮರೆಯಲಿಲ್ಲ.

ಮೊದಮೊದಲು ಅವಳಿಗೂ ಅದು ಸುಲಭವಿರಲಿಲ್ಲ. ಮೌಸ್ ಹಿಡಿದು ಪರದೆಯ ಮೂಲೆಗೆ ಹೋಗಿ, ಒಂದನ್ನು ಒತ್ತಿ, ಅದು ತೆರೆದ ಮೇಲೆ ಇನ್ನೊಂದನ್ನು ಹುಡುಕಿ ಮುಚ್ಚುತ್ತಿದ್ದಳು. ಸಾವಕಾಶ ಇದ್ದ ದಿನ ಮುಚ್ಚುವಳು. ಅವಸರದ ದಿನ ತಪ್ಪಿ ಹೋಗುತ್ತಿತ್ತು. ನೀನಾದರೆ ಅವಸರವಿತ್ತಲ್ಲ ಎಂದು ನಿನ್ನನ್ನು ನೀನೇ ಕ್ಷಮಿಸಿಕೊಳ್ಳುತ್ತಿದ್ದೆ. ಅವಳು ಹಾಗೆ ಮಾಡಲಿಲ್ಲ. ಕಲಿಸಿದವನಿಗೆ ಫೋನು ಮಾಡಿ, ಅವಸರದಲ್ಲೂ ತಪ್ಪದ ದಾರಿ ಯಾವುದಾದರೂ ಇದೆಯೇ ಎಂದು ಕೇಳಿದಳು. ಅವನಿಗೆ ಆಶ್ಚರ್ಯವಾಯಿತು. ತರಬೇತಿ ಕೊಟ್ಟ ಮೇಲೆ ಅವನಿಗೆ ಫೋನು ಮಾಡಿದವಳು ಇವಳೊಬ್ಬಳೇ. ಕೆಳಗಿನ ಸಾಲಿನಲ್ಲಿ ಕಿಟಕಿಯ ಗುರುತಿರುವ ಕೀಲಿಯನ್ನೂ ನಡುವಿನ ಸಾಲಿನ ಎಲ್ ಅಕ್ಷರವನ್ನೂ ಕೂಡಿಸಿ ಒತ್ತಿ, ಅಷ್ಟೇ ಎಂದ.

ಎಡಗೈಯ ಒಂದು ಬೆರಳು, ಬಲಗೈಯ ಒಂದು ಬೆರಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅವಳು ಅದನ್ನು ಮನೆಯಲ್ಲೂ ಕಲಿತಳು. ಒಗ್ಗರಣೆ ಹಾಕಿ ಸಾಸಿವೆ ಸಿಡಿಯಲು ಕಾಯುವಾಗ ಅಡುಗೆ ಕಟ್ಟೆಯ ಮೇಲೆ ಎರಡು ಬೆರಳು ಊರಿ ತೆಗೆಯುತ್ತಿದ್ದಳಂತೆ. ಇದು ಯಾವ ತಾಳ ಎಂದು ಗಂಡ ಕೇಳಿದನಂತೆ. ನಗಬೇಡ. ನೀನು ಜಪಮಣಿ ಹಿಡಿದು ಹನ್ನೆರಡು ವರ್ಷವಾಯಿತು, ಇನ್ನೂ ಎಣಿಕೆ ತಪ್ಪುತ್ತದೆ. ಅವಳಿಗೆ ಎರಡು ವಾರದಲ್ಲಿ ಸಿದ್ಧಿಸಿತು. ಅಲ್ಲಿಂದ ಮುಂದೆ ಅವಳು ಕುರ್ಚಿಯಿಂದ ಏಳುವುದೆಂದರೆ ಮೊದಲು ಬೆರಳು, ಆಮೇಲೆ ಮೊಣಕಾಲು.

ಈಗ ಆ ಕಚೇರಿಯ ರೀತಿ ಹೇಳಬೇಕು. ಅಲ್ಲಿ ಯಾವುದಕ್ಕೂ ಬೀಗವಿರಲಿಲ್ಲ. ಒಬ್ಬರ ಡಬ್ಬಿಯನ್ನು ಇನ್ನೊಬ್ಬರು ಕೇಳದೆ ಬಿಚ್ಚುತ್ತಿದ್ದರು. ಹಿರಿಯ ಗುಮಾಸ್ತನ ಕನ್ನಡಕ ಜವಾನನ ಜೇಬಿನಲ್ಲಿರುತ್ತಿತ್ತು. ಕಪಾಟಿನ ಕೀಲಿಕೈ ಕಪಾಟಿಗೇ ಜೋತು ಬಿದ್ದಿರುತ್ತಿತ್ತು. ಹನ್ನೊಂದು ಗಂಟೆಗೆ ಮೂವರೂ ಎದ್ದು, ಬಾಗಿಲನ್ನು ಹಾಗೇ ತೆರೆದಿಟ್ಟು, ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋಗುತ್ತಿದ್ದರು. ಒಬ್ಬರು ಬರುವುದು ತಡವಾದರೆ ಉಳಿದಿಬ್ಬರು ಅಂಗಡಿಯ ಮುಂದೆ ಕಾಯುತ್ತಿದ್ದರೇ ಹೊರತು ಮೊದಲೇ ಕುಡಿಯುತ್ತಿರಲಿಲ್ಲ. ಅಷ್ಟು ಹೊಂದಿಕೆ. ಅಂಥ ಕಡೆ ಇವಳ ಎರಡು ಬೆರಳು ಮಾತ್ರ ಎಲ್ಲರ ಕಣ್ಣಿಗೆ ಬಿತ್ತು.

ಹಿರಿಯ ಗುಮಾಸ್ತ ಚೇಷ್ಟೆಯ ಮನುಷ್ಯ. ಅಕ್ಕಾರ ಕಂಪ್ಯೂಟರು ಮಡಿಯಲ್ಲಿದೆ, ಮುಟ್ಟಬೇಡಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವಳು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು, ನಗುತ್ತಲೇ ಕೀಲಿ ಒತ್ತುತ್ತಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಾಗ, ಹೂಜಿಯಿಂದ ನೀರು ಬಗ್ಗಿಸಿಕೊಳ್ಳಲು ನಾಲ್ಕು ಹೆಜ್ಜೆ ಹೋಗುವಾಗಲೂ ಒತ್ತುತ್ತಿದ್ದಳು. ಒಂದು ಭಾನುವಾರ ಪರೀಕ್ಷೆಯ ಕೆಲಸಕ್ಕೆಂದು ಒಬ್ಬಳೇ ಬಂದಿದ್ದಾಗಲೂ ಒತ್ತಿದ್ದನ್ನು ಕಿಟಕಿಯಿಂದ ಕಂಡವರಿದ್ದಾರೆ. ಅವಳು ಯಾರಿಗೂ ಬುದ್ಧಿ ಹೇಳಲಿಲ್ಲ, ನೀವೂ ಹೀಗೆ ಮಾಡಿ ಎನ್ನಲಿಲ್ಲ. ನನಗೆ ಅವಳ ಮೇಲಿನ ಗೌರವ ಅರ್ಧ ಇದಕ್ಕೇ. ಒಂದು ಒಳ್ಳೆಯ ಅಭ್ಯಾಸ ಕಲಿತವರು ಊರಿಗೆಲ್ಲ ಡಂಗುರ ಹೊಡೆಯುವುದನ್ನು ಎಂಬತ್ತು ವರ್ಷ ನೋಡಿ ನನಗೆ ಸಾಕಾಗಿದೆ.

ಚೇಷ್ಟೆ ಮಾಡಿದವನಿಗೆ ಬೇಸರವಿರಲಿಲ್ಲ. ಬೇಸರವಾದದ್ದು ಜವಾನನಿಗೆ.

ಅವನು ಆ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಗಂಟೆ ಬಾರಿಸಿದವನು. ಜ್ವರ ಬಂದ ಮಕ್ಕಳನ್ನು ಸೈಕಲ್ಲಿನ ಮೇಲೆ ಕೂರಿಸಿ ಅವರವರ ಮನೆಗೆ ಮುಟ್ಟಿಸಿದವನು. ಶಾಲೆಯ ಒಂದು ಸೀಮೆಸುಣ್ಣದ ತುಂಡೂ ಅವನ ಮನೆಗೆ ಹೋದದ್ದಿಲ್ಲ. ಅವನ ಸ್ಟೂಲು ಇದ್ದದ್ದು ಅವಳ ಮೇಜಿನ ಪಕ್ಕದಲ್ಲೇ. ದಿನಕ್ಕೆ ಹತ್ತು ಸಲ ಅವಳ ಬೆರಳು ಆ ಕೀಲಿಗಳ ಮೇಲೆ ಬೀಳುವುದನ್ನು ಅವನಷ್ಟು ಹತ್ತಿರದಿಂದ ಯಾರೂ ನೋಡುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟ.

"ಅಕ್ಕಾರ, ನೀವು ಎದ್ದು ಹೋದ ಮ್ಯಾಲ ಇಲ್ಲಿ ಉಳಿಯಾಂವ ನಾ ಒಬ್ಬನ. ಅಂದಮ್ಯಾಲ ಆ ಕೀಲಿ ನನಗs ಅಲ್ಲೇನ್ರಿ?"

ಅವಳ ಮುಖ ಸಣ್ಣದಾಯಿತು. "ಹಂಗ ತಿಳ್ಕೋಬ್ಯಾಡ್ರಿ ಅಣ್ಣಾ," ಎಂದಳು. "ನೀವು ಏನೂ ಮಾಡಂಗಿಲ್ಲ ಅಂತ ನನಗ ಗೊತ್ತೈತಿ. ನನ್ನ ಕೈಗೆ ಅದು ರೂಢಿ ಆಗೇತಿ. ಬಿಡಸಬ್ಯಾಡ್ರಿ."

ಅವನು ಸರಿ ಎಂದ. ಆದರೆ ಆ ನೋವು ಹೋಗಲಿಲ್ಲ. ಮಾರನೆಯ ದಿನವೂ ಅವಳು ಅವನ ಕಣ್ಣೆದುರೇ ಒತ್ತಿದಳು. ಯೋಚಿಸು ಗುರುಶಾಂತ, ಎಷ್ಟು ಕಷ್ಟ ಅದು. ಇಷ್ಟಪಡುವ ಮನುಷ್ಯನಿಗೆ ನೋವಾಗುತ್ತಿದೆ ಎಂದು ಗೊತ್ತಿದ್ದೂ ಮಾಡಬೇಕು. ನೀನು ಮೂರು ದಿನ ಮಾಡಲಾರದೆ ಹೋದದ್ದನ್ನು ಅವಳು ಮೂರು ವರ್ಷ ಮಾಡಿದಳು. ಅವನ ಮೇಲಿನ ಪ್ರೀತಿಯನ್ನು ಬೇರೆ ಬೇರೆ ರೀತಿಯಲ್ಲಿ ತೋರಿಸುತ್ತಿದ್ದಳು. ಹಬ್ಬದ ಹೋಳಿಗೆ ಮೊದಲು ಅವನ ಮನೆಗೆ ಹೋಗುತ್ತಿತ್ತು.

ಜವಾನನಿಗೆ ಒಬ್ಬಳೇ ಮಗಳು. ಅದೇ ಶಾಲೆಯಲ್ಲಿ ಹತ್ತನೆಯ ತರಗತಿ. ಗಣಿತವೆಂದರೆ ಆ ಹುಡುಗಿಗೆ ಆಟ. ಶಾಲೆ ಬಿಟ್ಟ ಮೇಲೆ ಅಪ್ಪ ಬಾಗಿಲು ಹಾಕುವವರೆಗೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಸಮೀಕರಣ ಬಿಡಿಸುತ್ತಿದ್ದಳು. ಒಂದು ಮಗ್ಗುಲಲ್ಲಿ ಅಚ್ಚಾಗಿ ಕೆಟ್ಟುಹೋದ ಹಾಳೆಗಳನ್ನು ಗುಮಾಸ್ತೆ ಅವಳಿಗೆಂದೇ ಎತ್ತಿಡುತ್ತಿದ್ದಳು. ಹತ್ತು ಮುಗಿಸಿ ತಾಲೂಕಿನ ಕಾಲೇಜಿಗೆ ಹೋಗಬೇಕು, ವಿಜ್ಞಾನ ತೆಗೆದುಕೊಳ್ಳಬೇಕು ಎಂಬುದು ಅವಳ ಆಸೆ. ಅವಳ ಮೇಷ್ಟ್ರುಗಳೂ ಅದನ್ನೇ ಹೇಳುತ್ತಿದ್ದರು.

ಅಷ್ಟರಲ್ಲಿ ಜವಾನನ ಅಣ್ಣ ಒಂದು ಗಂಡು ತಂದ. ಲೈನ್‌ಮನ್ ಕೆಲಸ, ಸ್ವಂತ ಮನೆ, ಕೇಳುವುದು ಏನೂ ಇಲ್ಲ. ಆ ತಿಂಗಳು ಪಕ್ಕದ ಊರಿನಲ್ಲಿ ಸಾಮೂಹಿಕ ಮದುವೆ ಇತ್ತು. ಅದರಲ್ಲೇ ಮುಗಿಸಿಬಿಡೋಣ ಎಂದ. ಮದುವೆ ಮಾಡಿಸುವವರು ಹೆಣ್ಣಿನ ವಯಸ್ಸಿಗೆ ಶಾಲೆಯ ದಾಖಲೆ ಕೇಳುತ್ತಿದ್ದರು. ಶನಿವಾರದೊಳಗೆ ಕೊಡಬೇಕು. ಹದಿನೆಂಟು ತುಂಬಿರಬೇಕು.

ಮಗಳಿಗೆ ಹದಿನಾರು ಎಂದು ಜವಾನ ಹೇಳಿದ. ಅಣ್ಣ ನಕ್ಕ. ಆ ಕಾಗದ ಹುಟ್ಟುವ ಕೋಣೆಯಲ್ಲೇ ಕೂತಿರುತ್ತೀ, ಒಂದು ಅಂಕಿ ತಿದ್ದಲು ನಿನಗೆ ಆಗುವುದಿಲ್ಲವೇ ಎಂದ. ಇಂಥ ಸಂಬಂಧ ಮತ್ತೆ ಬರುವುದಿಲ್ಲ ಎಂದ. ನಾಳೆ ನಿನಗೆ ಏನಾದರೂ ಆದರೆ ಹುಡುಗಿಯ ಗತಿ ಏನು ಎಂದೂ ಕೇಳಿದ. ತಂದೆಯಾದವನಿಗೆ ಈ ಕೊನೆಯ ಮಾತು ಎಲ್ಲಿ ತಾಗುತ್ತದೆ ಎಂದು ಅಣ್ಣನಿಗೆ ಚೆನ್ನಾಗಿ ಗೊತ್ತಿತ್ತು.

ಜವಾನ ಕೆಟ್ಟವನಲ್ಲ. ಅದನ್ನು ಮತ್ತೆ ಹೇಳುತ್ತೇನೆ, ಮರೆಯಬೇಡ. ಆ ವಾರ ಅವನಿಗೆ ಊಟ ಸೇರಲಿಲ್ಲ. ಎರಡು ಸಲ ಗಂಟೆ ಬಾರಿಸುವುದು ತಡವಾಯಿತು. ಗುಮಾಸ್ತೆಯನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ, ಅವಳು ಏನು ಹೇಳುತ್ತಾಳೆಂದು ಗೊತ್ತಿತ್ತು. ಕೇಳುವ ಬದಲು ನೋಡತೊಡಗಿದ. ಕಾಗದ ಇಡುವ ನೆಪದಲ್ಲಿ ಅವಳ ಹಿಂದೆ ನಿಂತು, ಮಕ್ಕಳ ಪಟ್ಟಿ ಎಲ್ಲಿ ತೆರೆಯುತ್ತದೆ, ಹುಟ್ಟಿದ ವರ್ಷ ಯಾವ ಸಾಲಿನಲ್ಲಿದೆ, ತಿದ್ದಿದ್ದನ್ನು ಉಳಿಸಿ ಅಚ್ಚು ತೆಗೆಯಲು ಏನು ಒತ್ತಬೇಕು ಎಂದೆಲ್ಲ ಕಲಿತುಕೊಂಡ. ಬುಧವಾರದ ಹೊತ್ತಿಗೆ ಎಲ್ಲವೂ ಬಂತು. ಬೇಕಾದದ್ದು ಒಂದೇ, ಅವಳು ಒಮ್ಮೆ ಆ ಎರಡು ಕೀಲಿಗಳನ್ನು ಮರೆಯಬೇಕು. ಮನುಷ್ಯಳೇ ತಾನೆ, ಮರೆಯದೆ ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡ. ತಿದ್ದಿದ್ದು ಮುಂದೆ ಬಯಲಾದರೆ ಅದು ಅವಳ ಹೆಸರಿನಲ್ಲಿ ಬಯಲಾಗುತ್ತದೆ, ಅವಳ ಕೆಲಸ ಹೋಗುತ್ತದೆ ಎಂಬುದು ಅವನಿಗೆ ಹೊಳೆಯದೆ ಇರಲಿಲ್ಲ. ಹೊಳೆದಾಗಲೆಲ್ಲ ಬೇರೆ ಏನಾದರೂ ಕೆಲಸ ಹಿಡಿಯುತ್ತಿದ್ದ.

ಮಗಳಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ಅವಳಿಗೆ ತಿಳಿದಿತ್ತು. ಗುರುವಾರ ಸಂಜೆ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಳು. ಹಾಳೆ ಬೇಡವೇ ಎಂದು ಗುಮಾಸ್ತೆ ಕೇಳಿದ್ದಕ್ಕೆ, ಇನ್ನು ಬೇಡ ಎಂದಳು.

ಶುಕ್ರವಾರ ಮಧ್ಯಾಹ್ನ. ಪರೀಕ್ಷೆಯ ಅರ್ಜಿಗಾಗಿ ಗುಮಾಸ್ತೆ ಹತ್ತನೆಯ ತರಗತಿಯವರ ಹುಟ್ಟಿದ ತಾರೀಖುಗಳನ್ನು ಒಂದೊಂದಾಗಿ ತಾಳೆ ನೋಡುತ್ತಿದ್ದಳು. ಜವಾನ ಸ್ಟೂಲಿನ ಮೇಲಿದ್ದ. ತನ್ನ ಮಗಳ ಹೆಸರು ಪರದೆಯ ಮೇಲೆ ಬಂದದ್ದು ಅವನಿಗೆ ಕಾಣಿಸಿತು. ಅದೇ ಹೊತ್ತಿಗೆ ಬಯಲಿನಿಂದ ಕೂಗು ಕೇಳಿತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ನೀರಿನ ಟಾಕಿಯ ಕಟ್ಟೆಯಿಂದ ಬಿದ್ದಿದ್ದಳು. ತಲೆ ಒಡೆದು ರಕ್ತ ಸುರಿಯುತ್ತಿತ್ತು.

ಗುಮಾಸ್ತೆ ಎದ್ದ ರಭಸಕ್ಕೆ ಕುರ್ಚಿ ಮಗುಚಿ ಬಿತ್ತು. ಒಂದು ಚಪ್ಪಲಿ ಮೇಜಿನ ಕೆಳಗೇ ಉಳಿಯಿತು. ಅವಳು ಒಂದೇ ಕಾಲಿನ ಚಪ್ಪಲಿಯಲ್ಲಿ ಬಯಲಿಗೆ ಓಡಿದಳು. ಹಿರಿಯ ಗುಮಾಸ್ತ ಓಡಿದ, ಜವಾನನೂ ಓಡಿದ. ಅವಳು ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಗಾಯ ಒತ್ತಿ ಹಿಡಿದು, ಕಚೇರಿಯಿಂದ ಟವೆಲ್ಲೂ ನೀರೂ ತನ್ನಿ ಎಂದಳು. ತರಲು ಜವಾನ ಹಿಂದಕ್ಕೆ ಬಂದ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಕುರ್ಚಿ ಬಿದ್ದಿತ್ತು. ಚಪ್ಪಲಿ ಬಿದ್ದಿತ್ತು. ಚಪ್ಪಲಿ ಮರೆತವಳು ಇವತ್ತು ಅದನ್ನೂ ಮರೆತಿರಲೇಬೇಕು. ಅವನು ಕುರ್ಚಿಯನ್ನು ಎತ್ತಿ ನಿಲ್ಲಿಸಿದ. ಕೂತ. ತಲೆ ಎತ್ತಿ ಪರದೆ ನೋಡಿದ.

ಮುಚ್ಚಿತ್ತು.

ಗುಪ್ತಪದ ಬರೆಯಿರಿ ಎಂದು ಯಂತ್ರ ಕೇಳುತ್ತಿತ್ತು. ಅವನಿಗೆ ಅವಳ ಗಂಡನ ಹೆಸರು ಗೊತ್ತು, ಮಕ್ಕಳ ಹೆಸರು ಗೊತ್ತು, ಮನೆದೇವರು ಗೊತ್ತು. ಒಂದೊಂದನ್ನೇ ಹಾಕಿ ನೋಡಬಹುದಿತ್ತು. ಕೈ ಚಾಚಿ ಕೀಲಿಮಣೆಯ ಕಡೆ ಬಗ್ಗಿದ. ಮೂರು ವರ್ಷ ಪಕ್ಕದಲ್ಲೇ ಇದ್ದರೂ ಅವನು ಅದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಎಲ್ಲ ಕೀಲಿಗಳ ಮೇಲೂ ಅಕ್ಷರ ನಿಚ್ಚಳವಾಗಿತ್ತು. ಎರಡರ ಮೇಲೆ ಮಾತ್ರ ಗುರುತು ಸವೆದು ಹೋಗಿತ್ತು. ಕೆಳಗಿನ ಸಾಲಿನಲ್ಲಿ ಒಂದು, ನಡುವಿನ ಸಾಲಿನಲ್ಲಿ ಒಂದು.

ಅವನು ಆ ಎರಡು ಬೋಳು ಕೀಲಿಗಳನ್ನು ನೋಡುತ್ತ ಕೂತ. ಎಷ್ಟು ಸಲ ಒತ್ತಿದರೆ ಹೀಗೆ ಸವೆಯಬೇಕು. ನಗುತ್ತ ಒತ್ತಿದ್ದಳು, ಚೇಷ್ಟೆ ಮಾಡಿಸಿಕೊಂಡು ಒತ್ತಿದ್ದಳು, ತನ್ನ ಮಾತು ಕೇಳಿ ಮುಖ ಸಣ್ಣ ಮಾಡಿಕೊಂಡ ಮಾರನೆಯ ದಿನ ಒತ್ತಿದ್ದಳು. ಈಗ, ಒಂದು ಮಗುವಿನ ತಲೆ ಒಡೆದಿದೆ ಎಂದು ಚಪ್ಪಲಿಯನ್ನೂ ಬಿಟ್ಟು ಓಡುವಾಗ ಒತ್ತಿದ್ದಳು. ತಾನು ಇಪ್ಪತ್ತೆರಡು ವರ್ಷ ಗಂಟೆ ಬಾರಿಸಿದ್ದೇನೆಂದು ಬೀಗುತ್ತಿದ್ದೆ, ಒಂದು ವಾರದ ಆಸೆಗೆ ಎರಡು ಸಲ ತಪ್ಪಿಸಿದೆ ಎಂದು ಅವನಿಗೆ ಅನಿಸಿತು. ಹೊರಗೆ ಮಗು ಅಳುವುದು ಕೇಳಿತು. ಆಗ ಟವೆಲ್ಲು ನೆನಪಾಯಿತು. ತಾನು ಬಂದದ್ದು ಅದಕ್ಕೆಂಬುದೇ ಅವನಿಗೆ ಮರೆತುಹೋಗಿತ್ತು. ತೆಗೆದುಕೊಂಡು ಓಡಿದ.

ಮಗುವಿಗೆ ಆರು ಹೊಲಿಗೆ ಬಿದ್ದವು. ಉಳಿಯಿತು. ಅವತ್ತು ಸಂಜೆ ಜವಾನ ಅಣ್ಣನ ಮನೆಗೆ ಹೋಗಿ, ದಾಖಲೆ ಸಿಗುವುದಿಲ್ಲ, ಹುಡುಗಿಗೆ ಹದಿನಾರು, ಮದುವೆಯಿಲ್ಲ ಎಂದು ಹೇಳಿದ. ಅಣ್ಣ ಬಾಯಿಗೆ ಬಂದಂತೆ ಬೈದ. ಜವಾನ ಕೇಳಿಸಿಕೊಂಡು ಎದ್ದು ಬಂದ.

ಅಷ್ಟಕ್ಕೆ ಮುಗಿಸಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅವನು ಮುಗಿಸಲಿಲ್ಲ. ಆದ್ದರಿಂದಲೇ ಅವನನ್ನೂ ನಾನು ದೊಡ್ಡವನೆಂದು ಕರೆಯುತ್ತೇನೆ. ಶನಿವಾರ ಹನ್ನೊಂದು ಗಂಟೆಗೆ ಹಿರಿಯ ಗುಮಾಸ್ತ ಚಹಾದ ಅಂಗಡಿಗೆ ಮುಂದಾಗಿ ಹೋದ ಮೇಲೆ, ಜವಾನ ಅವಳ ಮೇಜಿನ ಮುಂದೆ ನಿಂತ. ಅಣ್ಣನ ಮಾತು, ಶನಿವಾರದ ಗಡುವು, ವಾರವೆಲ್ಲ ಅವಳ ಹಿಂದೆ ನಿಂತು ಕಲಿತದ್ದು, ಎಲ್ಲ ಹೇಳಿದ. ಅವಳು ಹೆಡ್‌ಮಾಸ್ತರಿಗೆ ಒಂದು ಮಾತು ಹೇಳಿದರೆ ಅವನ ಕೆಲಸ ಅವತ್ತೇ ಹೋಗುತ್ತಿತ್ತು. ಅದು ಗೊತ್ತಿದ್ದೇ ಹೇಳಿದ.

"ನಿನ್ನಿ ಅದು ತೆರದಿದ್ರ ನಾ ತಿದ್ದತಿದ್ನಿ ಅಕ್ಕಾರ," ಎಂದ. "ಸುಳ್ಳ ಹೇಳಂಗಿಲ್ಲ. ತಿದ್ದs ತಿದ್ದತಿದ್ನಿ."

"ನಿನ್ನಿ ನಾ ಕೀಲಿ ಒತ್ತಿದ್ದು ನನಗ ನೆನಪs ಇಲ್ರಿ," ಎಂದಳು. ಅವಳಿಗೇ ಅದು ಆಶ್ಚರ್ಯವಾಗಿತ್ತು. ಹತ್ತನೆಯ ತರಗತಿಯ ಪಟ್ಟಿ ತೆಗೆದು, ಪರದೆಯನ್ನು ಅವನ ಕಡೆ ತಿರುಗಿಸಿ, ಮಗಳ ಹೆಸರಿನ ಮುಂದೆ ಬೆರಳಿಟ್ಟಳು. "ನೋಡ್ರಿ ಅಣ್ಣಾ. ಹೆಂಗಿತ್ತೋ ಹಂಗs ಐತಿ."

ಅವನು ನೋಡಿದ. ಕಣ್ಣಲ್ಲಿ ನೀರು ತುಂಬಿ ಅಂಕಿ ಕಾಣಿಸಲಿಲ್ಲವಂತೆ.

ಅವಳು ಚಹಾಕ್ಕೆ ಏಳಿ ಎಂದಳು. ಏಳುವ ಮುನ್ನ ಎಂದಿನಂತೆ ಎರಡು ಬೆರಳು ಊರಿದಳು, ಅವನ ಕಣ್ಣೆದುರೇ. ಅವನಿಗೆ ಆ ದಿನ ನೋವಾಗಲಿಲ್ಲ. ಇಬ್ಬರೂ ಕೂಡಿ ಅಂಗಡಿಗೆ ಹೋದರು. ಅವಳು ಆ ವಿಷಯವನ್ನು ಹೆಡ್‌ಮಾಸ್ತರಿಗೆ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಜವಾನನ ಸ್ಟೂಲನ್ನು ದೂರ ಸರಿಸಲಿಲ್ಲ. ಹುಡುಗಿ ಈಗ ತಾಲೂಕಿನ ಕಾಲೇಜಿನಲ್ಲಿದ್ದಾಳೆ. ಒಂದು ಮಗ್ಗುಲಿನ ಹಾಳೆಗಳು ಈಗಲೂ ಅಪ್ಪನ ಕೈಯಲ್ಲಿ ಮನೆಗೆ ಹೋಗುತ್ತವೆ. ಇದನ್ನೆಲ್ಲ ನನಗೆ ಹೇಳಿದವನು ಆ ಜವಾನನೇ. ಇಲ್ಲಿಗೆ ಬಂದು ಅವಳ ಹೆಸರಿನಲ್ಲಿ ದೀಪಕ್ಕೆ ಎಣ್ಣೆ ಕೊಟ್ಟು ಹೋದ. ಅವಳಿಗೆ ಅದೂ ತಿಳಿದಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಆ ತಾಯಿ ದೊಡ್ಡವಳು ಎಂದು ಗುರುಶಾಂತ ಹೇಳಿದ. ಓಡುವ ಹೊತ್ತಿನಲ್ಲೂ ತಪ್ಪದಂತೆ ಕೈಯನ್ನು ಪಳಗಿಸಿಕೊಳ್ಳುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ ಎಂದ. ಅವಳು ಬೀಗ ಹಾಕಿದ್ದು ಜವಾನನ ಮೇಲೆ ಸಂಶಯಪಟ್ಟು ಅಲ್ಲ, ಅವನು ಒಳ್ಳೆಯವನಾಗಿಯೇ ಉಳಿಯಲು ಅದು ದಾರಿಯಾಯಿತು ಎಂಬುದೂ ತನಗೆ ತಿಳಿಯಿತು ಎಂದ. ಗುರುಗಳು ತಲೆಯಾಡಿಸಿದರು. ಶಿಷ್ಯ ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಕತೆಯೂ ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ಅವನಿಗೆ ತನ್ನ ಹೆಮ್ಮೆಯನ್ನು ಪೂರ್ತಿ ಬಿಡಲು ಮನಸ್ಸು ಬರಲಿಲ್ಲ.

"ಆ ಜವಾನನಿಗೆ ಮಗಳ ಸಂಕಟವಿತ್ತು, ಗುರುಗಳೇ. ನಮ್ಮ ಕಚೇರಿಯಲ್ಲಿ ಯಾರಿಗೆ ಏನು ಸಂಕಟವಿದೆ? ಈಗ ಆ ಯಂತ್ರದಲ್ಲಿ ಇರುವುದು ಈ ವರ್ಷ ಶಾಲೆಗೆ ತೆಗೆದುಕೊಳ್ಳುವ ಮಕ್ಕಳ ಪಟ್ಟಿಯೊಂದೇ. ಪರೀಕ್ಷೆಯಲ್ಲಿ ಬಂದ ಅಂಕದಂತೆ ಹೆಸರು ಬರೆದಿದ್ದೇನೆ, ಮೊದಲ ನಲವತ್ತು ಮಕ್ಕಳಿಗೆ ಜಾಗ. ನಾಡಿದ್ದು ಗೋಡೆಗೆ ಅಂಟಿಸುತ್ತೇನೆ. ಅಲ್ಲಿಯವರೆಗೆ ಆ ಕೋಣೆಗೆ ಬರುವವರು ಅಡುಗೆಯವರು, ಇಬ್ಬರು ಮೇಷ್ಟ್ರು, ಅಪರೂಪಕ್ಕೆ ನೀವು. ಇವರಲ್ಲಿ ಯಾರಿಂದ ಮುಚ್ಚಿಡಲಿ?"

ಗುರುಗಳು ಕೋಲು ಊರಿ ಎದ್ದರು. ಅವರು ಸನ್ಯಾಸ ತೆಗೆದುಕೊಂಡು ಐವತ್ತೆರಡು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವರ ಬಾಯಿಂದ ಹುಟ್ಟಿದ ಮನೆಯ ಒಂದು ಮಾತನ್ನೂ ಮಠದಲ್ಲಿ ಯಾರೂ ಕೇಳಿರಲಿಲ್ಲ. ಹೊಸ್ತಿಲ ಬಳಿ ನಿಂತು, ಹಿಂದಿರುಗಿ ನೋಡದೆ ಅವರು ಒಂದು ಮಾತು ಹೇಳಿದರು.

"ನಿನ್ನೆ ನೀನು ಊಟಕ್ಕೆ ಹೋಗಿ ಬರುವಷ್ಟು ಹೊತ್ತೂ ಆ ಪಟ್ಟಿಯ ಮುಂದೆ ನಾನೊಬ್ಬನೇ ಇದ್ದೆ, ಅದರಲ್ಲಿ ನಲವತ್ತೊಂದನೆಯ ಹೆಸರು ನನ್ನ ಪೂರ್ವಾಶ್ರಮದ ತಂಗಿಯ ಮೊಮ್ಮಗಳದು."